ಪೇಢಾ ಡಬ್ಬಿಯಲ್ಲಿ ಪೀಣ್ಯಕ್ಕೆ

ಕಳೆದ ಬುಧವಾರ ಬೆಳಿಗ್ಗೆ ನಾನು ಮತ್ತು ಪಕ್ಕದ ಮನೆಯ ಶಿವಪ್ಪ ಎರಡು ಗಾಜಿನ ಸ್ಲೈಡುಗಳೊಂದಿಗೆ ಬೊಮ್ಮಸಂದ್ರದಲ್ಲಿ ಮೆಟ್ರೊ ಹತ್ತಿದೆವು. ಅವುಗಳ ಮೇಲೆ ತೆಳ್ಳಗೆ ಎಳೆದು ಒಣಗಿಸಿದ್ದು ಅವರ ಹೆಂಡತಿ ರೇಣುಕಾ ಅವರ ರಕ್ತ. ಯಾದಗಿರಿ ಕಡೆಯ ಈ ದಂಪತಿಗೆ ಔಷಧ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಜ್ವರವೆಂದು ಆಸ್ಪತ್ರೆ ಸೇರಿದ ರೇಣುಕಾಗೆ ಪ್ಲೇಟ್‌ಲೆಟ್ ಇಪ್ಪತ್ತೆರಡು ಸಾವಿರಕ್ಕೆ ಇಳಿದಿದೆ ಎಂದು ಯಂತ್ರ ತೋರಿಸಿತ್ತು. ಒಂದೂವರೆ ಲಕ್ಷವಾದರೂ ಇರಬೇಕು. ಆದರೆ ಪ್ಲೇಟ್‌ಲೆಟ್ ಅಷ್ಟು ಇಳಿದವರ ಮೈಮೇಲೆ ಸಾಮಾನ್ಯವಾಗಿ ಕಾಣುವ ಕೆಂಪು ಚುಕ್ಕೆ ಒಂದೂ ಇರಲಿಲ್ಲ.

“ಪ್ಲೇಟ್‌ಲೆಟ್ ಏರಿಸೋ ಮುಂಚೆ ಒಂದ್ಸಲ ಕಣ್ಣಲ್ಲಿ ನೋಡಿಸಿಬಿಡೋಣ. ಮಧ್ಯಾಹ್ನದೊಳಗೆ ಹೇಳಿ,” ಎಂದರು ವೈದ್ಯರು. ಸೂಕ್ಷ್ಮದರ್ಶಕದಲ್ಲಿ ನೋಡುವ ತಜ್ಞೆ ಅಂದು ಪೀಣ್ಯದ ಲ್ಯಾಬ್‌ನಲ್ಲಿದ್ದರು.

ಜನವೆಲ್ಲ ಎಲೆಕ್ಟ್ರಾನಿಕ್ ಸಿಟಿ ಕಡೆಗೆ ಬರುವ ಹೊತ್ತಾದ್ದರಿಂದ ನಮಗೆ ಸೀಟು ಸಿಕ್ಕಿತು. ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದ ಮೇಲೆ ನಿಂತೇ ಹೋದೆವು. ಗಾಜು ಒಡೆಯದಿರಲೆಂದು ಶಿವಪ್ಪ ಸ್ಲೈಡುಗಳನ್ನು ಖಾಲಿ ಪೇಢಾ ಡಬ್ಬಿಯಲ್ಲಿಟ್ಟು ಎದೆಗವಚಿಕೊಂಡಿದ್ದರು.

“ಏನ್ ಗುರು, ಮಗು ಆಯ್ತಾ? ನಮಗಿಲ್ವಾ ಸ್ವೀಟು?” ಎಂದ ಪಕ್ಕದ ಯುವಕ.

“ರಕ್ತ ಐತ್ರೀ,” ಎಂದರು ಶಿವಪ್ಪ. ಯುವಕ ಸರಿದು ನಿಂತ.

ಪೀಣ್ಯದಲ್ಲಿ ಬಿಸಿಲು ಏರಿತ್ತು. ಲ್ಯಾಬ್‌ನ ಟೆಕ್ನಿಷಿಯನ್ ಸವಿತಾ ಡಬ್ಬಿ ತೆರೆದವರೇ ಕೈ ಹಿಂದಕ್ಕೆಳೆದುಕೊಂಡರು. ಒಳಗೆ ಇರುವೆಗಳು.

“ಸ್ವೀಟ್ ಡಬ್ಬೀಲಿ ತರ್ತಾರಾ ಅಣ್ಣ? ರಕ್ತಾನೂ ತಿಂತವೆ ಇವು.”

ಒಂದು ಸ್ಲೈಡಿನ ಲೇಪ ಅಲ್ಲಲ್ಲಿ ಮಾಯವಾಗಿತ್ತು. ಕಾಗದದಲ್ಲಿ ಬಿಗಿಯಾಗಿ ಸುತ್ತಿದ್ದ ಇನ್ನೊಂದು ಹಾಗೇ ಉಳಿದಿತ್ತು. ಸವಿತಾ ಅದನ್ನು ಸಿಂಕಿನ ಮೇಲಿನ ಕಂಬಿಗಳ ಮೇಲಿಟ್ಟು ನೇರಳೆ ಬಣ್ಣ ಸುರಿದರು. ತುಸು ಹೊತ್ತಿನ ನಂತರ ಬಾಟಲಿಯ ನೀರು ಬೆರೆಸಿದರು. ಮೇಲೆ ಹೊಳೆಯುವ ಪೊರೆ ಕಟ್ಟಿತು.

“ಲಗೂ ತೊಳೀರಿ ಅಕ್ಕಾರ,” ಎಂದರು ಶಿವಪ್ಪ.

“ಅವಸರ ಮಾಡಿದ್ರೆ ಬಣ್ಣ ಹಿಡಿಯಲ್ಲ. ಉಳಿದಿರೋದು ಇದೊಂದೇ.”

ತೊಳೆದು ಒಣಗಿಸಿದ ಸ್ಲೈಡನ್ನು ತಜ್ಞೆ ಬಹಳ ಹೊತ್ತು ನೋಡಿದರು. ಆಮೇಲೆ ಶಿವಪ್ಪನವರನ್ನೇ ಕರೆದು ತೋರಿಸಿದರು: ಗುಲಾಬಿ ಕಣಗಳ ನಡುವೆ ನೇರಳೆ ಗೊಂಚಲುಗಳು. “ಇವೇ ಪ್ಲೇಟ್‌ಲೆಟ್. ರಕ್ತ ಹೆಪ್ಪುಗಟ್ಟದಿರಲಿ ಅಂತ ಟ್ಯೂಬಿನಲ್ಲಿ ಹಾಕಿರೋ ಔಷಧದಿಂದ ಒಂದಕ್ಕೊಂದು ಅಂಟಿಕೊಂಡಿವೆ. ಮಷೀನಿಗೆ ಎಣಿಸೋಕಾಗಿಲ್ಲ. ಬೇಕಾದಷ್ಟಿವೆ ನಿಮ್ಮನೆಯವರಿಗೆ.” ಆಸ್ಪತ್ರೆಗೆ ಅವರೇ ಫೋನ್ ಮಾಡಿದರು.

ಶಿವಪ್ಪ ಮೆಟ್ಟಿಲ ಮೇಲೆ ಕುಳಿತು ಹೆಂಡತಿಗೆ ಫೋನ್ ಹಚ್ಚಿದರು. “ಏನೂ ಆಗಿಲ್ಲ ನಿನಗ. ಇರುವಿ ತಿಂದೂ ಉಳದೈತಿ.”

“ನನ್ನ ರಕ್ತ ಇರುವಿಗೆ ಹಾಕಿದ್ಯಾ?” ಎಂದದ್ದು ನನಗೂ ಕೇಳಿಸಿತು.

ಮರಳುವಾಗ ಇಬ್ಬರೂ ಇಡ್ಲಿ ತಿಂದೆವು. ಡಬ್ಬಿ ಪೀಣ್ಯದಲ್ಲೇ ಉಳಿಯಿತು.

ಗುರುವಾರ ಬೇರೆ ಬಗೆಯ ಟ್ಯೂಬಿನಲ್ಲಿ ರಕ್ತ ತೆಗೆದು ಎಣಿಸಿದರು: ಒಂದು ಲಕ್ಷ ತೊಂಬತ್ತು ಸಾವಿರ. ಜ್ವರ ಶುಕ್ರವಾರ ಬಿಟ್ಟಿತು. ಸೋಮವಾರ ರೇಣುಕಾ ಮೊದಲ ಪಾಳಿಗೆ ಹೋದರು.