ಒಂದು ಮಧ್ಯಾಹ್ನದ ಕೆಂಪು ಸ್ಕಾರ್ಫು

ಕೆನಡಾದ ವಿಟ್ಬಿಯಲ್ಲಿ ನಮ್ಮ ಮನೆಯ ಹತ್ತಿರದ ಪ್ಲಾಜಾದಲ್ಲಿ, ಪಿಜ್ಜಾ ಅಂಗಡಿಗೂ ಹಲ್ಲಿನ ಡಾಕ್ಟರಿಗೂ ನಡುವೆ, ಬಟ್ಟೆ ರಿಪೇರಿಯ ಸಣ್ಣ ಅಂಗಡಿಯೊಂದಿದೆ. ಕಳೆದ ತಿಂಗಳು ಪ್ಯಾಂಟಿನ ಸೊಂಟ ಬಿಡಿಸಿಕೊಳ್ಳಲು ಅಲ್ಲಿಗೆ ಹೋಗಿದ್ದೆ. ರಿಟೈರ್ ಆದಮೇಲೆ ನನ್ನ ಪ್ಯಾಂಟುಗಳೆಲ್ಲ ಒಂದೊಂದಾಗಿ ಕುಗ್ಗುತ್ತಿವೆ. ಹಾಗೆಂದು ನಾನು ನಂಬಿದ್ದೇನೆ, ನನ್ನ ಹೆಂಡತಿ ನಂಬಿಲ್ಲ. ಅಂಗಡಿಯ ಹೆಂಗಸು ಹೊಲಿಗೆ ಮುಗಿಸಿ, ಪ್ಯಾಂಟಿನ ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿದರು. ಚುಯ್ ಎಂದು ಹಬೆ ಎದ್ದಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹನ್ನೊಂದು ವರ್ಷದವನಾಗಿಬಿಟ್ಟೆ.

ಸ್ವಲ್ಪ ಹಿಂದಿನಿಂದ ಹೇಳಬೇಕು. ನಮ್ಮಪ್ಪ ಉಕ್ಕಿನ ಕಾರ್ಖಾನೆಯಲ್ಲಿ ಇಂಜಿನಿಯರ್. ಅವರನ್ನು ಎರಡು ವರ್ಷದ ತರಬೇತಿಗೆಂದು ಸೋವಿಯತ್ ದೇಶದ ಒಂದು ಕಾರ್ಖಾನೆ ಊರಿಗೆ ಕಳಿಸಿದರು. ಅಮ್ಮ, ನಾನು, ಒಂದು ಟ್ರಂಕಿನ ತುಂಬ ಕನ್ನಡದ ವಾರಪತ್ರಿಕೆಗಳು, ಇಷ್ಟೂ ಅವರ ಹಿಂದೆ ಹೋದೆವು. ನನ್ನನ್ನು ಅಲ್ಲಿನ ಸರ್ಕಾರಿ ಶಾಲೆಗೆ ಹಾಕಿದರು. ತರಗತಿಯಲ್ಲಿ ನನ್ನೊಬ್ಬನನ್ನು ಬಿಟ್ಟು ಎಲ್ಲರ ಕುತ್ತಿಗೆಯಲ್ಲೂ ಕೆಂಪು ಸ್ಕಾರ್ಫು ಇತ್ತು.

ಅದು ಸರ್ಕಾರವೇ ನಡೆಸುತ್ತಿದ್ದ ಮಕ್ಕಳ ಸಂಘದ ಗುರುತು. ಹತ್ತು ವರ್ಷ ಆಗುವ ಹೊತ್ತಿಗೆ ಎಲ್ಲ ಮಕ್ಕಳೂ ಅದಕ್ಕೆ ಸೇರುತ್ತಿದ್ದರು, ದೊಡ್ಡವರಾದ ಮೇಲೆ ಯುವಕರ ಸಂಘಕ್ಕೆ, ಅದೃಷ್ಟವಿದ್ದರೆ ಆಮೇಲೆ ಕಮ್ಯುನಿಸ್ಟ್ ಪಾರ್ಟಿಗೆ. ಈ ಏಣಿಯ ಸಂಗತಿಯೆಲ್ಲ ನನಗೆ ಎಷ್ಟೋ ಕಾಲದ ಮೇಲೆ ತಿಳಿಯಿತು. ಆಗ ಕಣ್ಣಿಗೆ ಬಿದ್ದದ್ದು ಡೋಲು, ಕವಾಯತು, ಬೇಸಿಗೆಯ ಕ್ಯಾಂಪು. ದಿನಾ ಬೆಳಿಗ್ಗೆ ಪ್ರತಿ ಮನೆಯಲ್ಲೂ ಮಕ್ಕಳು ಒದ್ದೆ ಬಟ್ಟೆ ಹಾಸಿ ತಮ್ಮ ಸ್ಕಾರ್ಫನ್ನು ತಾವೇ ಇಸ್ತ್ರಿ ಮಾಡಬೇಕಿತ್ತು. ಶಾಲೆಯ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತು ಸುಕ್ಕು ನೋಡುತ್ತಿದ್ದಳು. ನನ್ನನ್ನು ಮಾತ್ರ ನೋಡದೆ ಒಳಗೆ ಬಿಡುತ್ತಿದ್ದಳು. ನೀನು ನಮ್ಮ ಅತಿಥಿ, ನಿನಗೆ ಇದೆಲ್ಲ ಕಡ್ಡಾಯವಿಲ್ಲ ಎಂದು ಟೀಚರ್ ಪ್ರೀತಿಯಿಂದಲೇ ಹೇಳಿದ್ದರು. ಅತಿಥಿಯಾಗಿರುವುದು ಎಷ್ಟು ಕಷ್ಟ ಅಂತೀರಿ! ಮನೆಯಲ್ಲಿ ಯಾರೂ ಇಲ್ಲದಾಗ ಅಮ್ಮನ ಕೆಂಪು ಬ್ಲೌಸ್ ಪೀಸನ್ನು ಕೊರಳಿಗೆ ಕಟ್ಟಿಕೊಂಡು ಕನ್ನಡಿಗೆ ಸೆಲ್ಯೂಟ್ ಹೊಡೆಯುತ್ತಿದ್ದೆ.

ನನ್ನ ಬೆಂಚಿನಲ್ಲೇ ಕೂರುತ್ತಿದ್ದವಳು ಗಾಲ್ಯಾ, ನಮ್ಮ ತರಗತಿಯ ದಳದ ನಾಯಕಿ. ನನಗೆ ರಷ್ಯನ್ ಕಲಿಸಿದ್ದು ಟೀಚರಲ್ಲ, ಅವಳು. ಶಾಲೆ ಬಿಟ್ಟಮೇಲೆ ನಮ್ಮ ಮನೆಗೆ ಬಂದು ದೋಸೆ ತಿನ್ನುತ್ತಿದ್ದಳು. ಅಮ್ಮ ಅವಳನ್ನು ಗಾಲಮ್ಮ ಎಂದು ಕರೆದು, ಬೇಡವೆಂದರೂ ಬಿಡದೆ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದಳು. ಇಬ್ಬರ ನಡುವೆ ಹತ್ತಿಪ್ಪತ್ತು ರಷ್ಯನ್ ಶಬ್ದಗಳಿದ್ದವು, ಅಷ್ಟರಲ್ಲೇ ಗಂಟೆಗಟ್ಟಲೆ ಮಾತಾಡುತ್ತಿದ್ದರು.

ಎರಡನೆಯ ವರ್ಷ ರದ್ದಿ ಕಾಗದ ಸಂಗ್ರಹದ ಸ್ಪರ್ಧೆ ಬಂತು. ಅದೂ ಸಂಘದ ಕೆಲಸವೇ. ಮಕ್ಕಳು ಮನೆಮನೆಗೆ ಹೋಗಿ ಹಳೆ ಪೇಪರು ತರಬೇಕು, ಹೆಚ್ಚು ತೂಕ ತಂದ ದಳಕ್ಕೆ ಬೇಸಿಗೆ ಕ್ಯಾಂಪು. ಕೊನೆಯ ದಿನ ನಮ್ಮ ದಳ ಸ್ವಲ್ಪದರಲ್ಲಿ ಹಿಂದಿತ್ತು. ನನಗೆ ಮಂಚದ ಕೆಳಗಿನ ಟ್ರಂಕು ನೆನಪಾಯಿತು. ಅಮ್ಮ ಮಾರ್ಕೆಟ್ಟಿಗೆ ಹೋಗಿದ್ದಾಗ ವಾರಪತ್ರಿಕೆಗಳನ್ನೆಲ್ಲ ಜಾರುಬಂಡಿಗೆ ತುಂಬಿಕೊಂಡು ಹಿಮದಲ್ಲಿ ಶಾಲೆಯವರೆಗೆ ಎಳೆದೆ. ನಮ್ಮ ದಳ ಗೆದ್ದಿತು. ಗಾಲ್ಯಾ ಎಲ್ಲರೆದುರು ತನ್ನ ಸ್ಕಾರ್ಫು ಬಿಚ್ಚಿ, ಇವತ್ತೊಂದು ದಿನ ನೀನೂ ನಮ್ಮವನು ಎಂದು ನನಗೆ ಕಟ್ಟಿದಳು. ಆಮೇಲೆ ಐಐಟಿ ಸೀಟು ಸಿಕ್ಕಿತು, ಕೆನಡಾ ಪೌರತ್ವ ಸಿಕ್ಕಿತು, ಎರಡಕ್ಕೂ ಜನ ಕೈ ಕುಲುಕಿದರು. ಆ ಮಧ್ಯಾಹ್ನದಷ್ಟು ಸುಖ ಮತ್ತೆ ನನಗೆ ಸಿಗಲಿಲ್ಲ.

ಮನೆಗೆ ಬಂದರೆ ಅಮ್ಮ ಖಾಲಿ ಟ್ರಂಕಿನ ಮುಂದೆ ಕೂತಿದ್ದಳು. ಪತ್ರಿಕೆಗಳ ನಡುವೆ ಅಜ್ಜಿ ಬರೆದ ಕಾಗದಗಳನ್ನು ಇಟ್ಟಿದ್ದಳಂತೆ. ಅಜ್ಜಿ, ಎಂದರೆ ಅಮ್ಮನ ಅಮ್ಮ, ಹಿಂದಿನ ಚಳಿಗಾಲ ತೀರಿಕೊಂಡಿದ್ದರು. ಅಮ್ಮನಿಗೆ ಹೋಗಲಾಗಿರಲಿಲ್ಲ. ಅವಳು ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಕೋಟು ಹಾಕಿಕೊಂಡು ಶಾಲೆ ಎಲ್ಲಿ ತೋರಿಸು ಎಂದಳು.

ಕಾಗದವನ್ನು ಉಗ್ರಾಣದಲ್ಲಿ ಹಾಕಿ ಬೀಗ ಹಾಕಿದ್ದರು. ಬೀಗದ ಕೈ ದಳದ ನಾಯಕಿಯ ಹತ್ತಿರವಿತ್ತು. ಒಮ್ಮೆ ತೂಗಿದ ಕಾಗದ ಸರ್ಕಾರದ್ದು, ಯಾರೂ ಮುಟ್ಟುವಂತಿಲ್ಲ. ಗಾಲ್ಯಾ ಅಮ್ಮನ ಮುಖ ನೋಡಿದಳು, ಬೀಗ ತೆಗೆದಳು. ಓಡಿಹೋಗಿ ದಳದ ಹತ್ತು ಮಕ್ಕಳನ್ನು ಕರೆತಂದಳು. ಗುಂಡು ಗುಂಡಾದ ಅಕ್ಷರ ಕಂಡದ್ದನ್ನೆಲ್ಲ ತೆಗೆಯಿರಿ ಎಂದು ಅಪ್ಪಣೆ ಕೊಟ್ಟಳು. ಕೆಂಪು ಸ್ಕಾರ್ಫಿನ ಮಕ್ಕಳು ರದ್ದಿಯ ಬೆಟ್ಟದ ಮೇಲೆ ಕೂತು, ಓದಲು ಬಾರದ ನಮ್ಮ ಭಾಷೆಯನ್ನು ಒಂದೊಂದೇ ಹಾಳೆಯಾಗಿ ಹುಡುಕಿದರು. ಪತ್ರಿಕೆಗಳು ಅರ್ಧದಷ್ಟು ಸಿಕ್ಕವು, ಅಜ್ಜಿಯ ಕಾಗದಗಳು ಎಲ್ಲವೂ ಸಿಕ್ಕವು. ನಾನು ಸ್ಕಾರ್ಫು ಬಿಚ್ಚಿ ಗಾಲ್ಯಾಳಿಗೆ ಹಿಂದಿರುಗಿಸಿದೆ. ಅಮ್ಮ ಗಾಲ್ಯಾಳನ್ನು ಅಪ್ಪಿಕೊಂಡು ಅತ್ತಳು.

ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿತ್ತು. ಮನೆಯಲ್ಲಿ ಇಷ್ಟು ವರ್ಷ ಈ ಕಥೆ ಇಲ್ಲಿಗೇ ನಿಲ್ಲುತ್ತಿತ್ತು.

ಮರುದಿನ ದಳದ ಸಭೆ ಸೇರಿತು. ಉಗ್ರಾಣ ತೆಗೆದದ್ದು ಗೊತ್ತಾಗಿತ್ತು, ನಮ್ಮ ಗೆಲುವು ರದ್ದಾಗಿತ್ತು. ಗಾಲ್ಯಾ ಎದ್ದು, ಬೀಗ ತೆಗೆದವಳು ನಾನೇ ಎಂದಳು. ಯಾಕೆ ಎಂದು ಕೇಳಿದರೆ ಸುಮ್ಮನಿದ್ದಳು. ನಾನು ಎದ್ದು ಹೇಳಬೇಕಿತ್ತು. ಅವಳ ಸ್ಕಾರ್ಫನ್ನು ಒಂದು ತಿಂಗಳು ಕಿತ್ತುಕೊಳ್ಳಬೇಕು, ಒಪ್ಪುವವರು ಕೈ ಎತ್ತಿ ಎಂದರು ಟೀಚರ್. ಹಿಂದಿನ ದಿನ ಜೊತೆಗೆ ಕೂತು ಕಾಗದ ಹುಡುಕಿದವರೂ ನೆಲ ನೋಡುತ್ತ ಕೈ ಎತ್ತಿದರು. ಎಲ್ಲರೂ ಎತ್ತಿದರೆಂದು ನಾನೂ ಎತ್ತಿದೆ. ಹೆದರಿಕೆಯಿಂದಲ್ಲ. ಅವರಿಗೆ ಹೆದರಿಕೆ ಇತ್ತು, ನನಗೇನಿತ್ತು? ಎಲ್ಲರ ಜೊತೆ ಒಂದು ಕೈಯಾಗುವ ಆಸೆ, ಅಷ್ಟೇ. ಟೀಚರ್ ನನ್ನತ್ತ ನೋಡಿ ನಕ್ಕರು.

"ನೀನು ಕೈ ಇಳಿಸಪ್ಪ. ನಿನಗೆ ಓಟಿಲ್ಲ."

ಮಕ್ಕಳೂ ನಕ್ಕರು. ಗಾಲ್ಯಾ ನಗಲಿಲ್ಲ. ಸ್ಕಾರ್ಫು ಬಿಚ್ಚಿ, ಮಡಿಸಿ, ಮೇಜಿನ ಮೇಲಿಟ್ಟಳು. ನನ್ನನ್ನು ಯಾವತ್ತೂ ಏನೂ ಕೇಳಲಿಲ್ಲ. ಆ ಬೇಸಿಗೆ ನಾವು ಊರಿಗೆ ಮರಳಿದೆವು.

ಅಂಗಡಿಯ ಹೆಂಗಸಿಗೆ ಥ್ಯಾಂಕ್ಸ್ ಎನ್ನುವ ಬದಲು ಬಾಯಿಗೆ ರಷ್ಯನ್ ಬಂದುಬಿಟ್ಟಿತು. ಅವರೂ ಅದೇ ದೇಶದವರಂತೆ, ಬೆರಗಾದರು. ಎಲ್ಲಿ ಕಲಿತಿರಿ, ಸ್ಕಾರ್ಫು ಕಟ್ಟಿದ್ದಿರಾ ಎಂದೆಲ್ಲ ಕೇಳಿದರು. ಒಂದು ಮಧ್ಯಾಹ್ನ ಕಟ್ಟಿದ್ದೆ, ಈಗಲೂ ಅದರ ಆಸೆ ಹೋಗಿಲ್ಲ ಎಂದೆ. ಅವರಿಗೆ ಅದು ರುಚಿಸಲಿಲ್ಲ. ತಾವು ಅದನ್ನು ಬೇಡ ಎನ್ನುವ ಹಾಗೇ ಇರಲಿಲ್ಲ ಎಂದು ಹೇಳಿ ಪ್ಯಾಂಟನ್ನು ಚೀಲಕ್ಕೆ ಹಾಕಿಕೊಟ್ಟರು.

ಮನೆಗೆ ಬಂದಾಗ ಅಮ್ಮ ಡೈನಿಂಗ್ ಟೇಬಲ್ಲಿನಲ್ಲಿ ಕಾಫಿ ಕುಡಿಯುತ್ತಿದ್ದಳು. ಅವಳಿಗೀಗ ಎಂಬತ್ತೆಂಟು. ಪ್ಲಾಜಾದಲ್ಲಿ ರಷ್ಯದವರೊಬ್ಬರು ಸಿಕ್ಕಿದ್ದರು ಎಂದೆ. ಅವಳ ಮುಖ ಅರಳಿತು. ಅವರನ್ನ ಕೇಳಿದ್ರೆ ನಮ್ಮ ಗಾಲಮ್ಮ ಎಲ್ಲಿದಾಳೆ ಅಂತ ಗೊತ್ತಾಗುತ್ತೇನೋ ಎಂದಳು. ಅಷ್ಟು ದೊಡ್ಡ ದೇಶ! ನನಗೆ ನಗು ಬರಬೇಕಿತ್ತು. ಅದರ ಬದಲು, ಎದುರಿಗೆ ಕೂತು, ಐವತ್ತು ವರ್ಷ ಹೇಳದಿದ್ದುದನ್ನು ಹೇಳಿದೆ. ಕೈ ಎತ್ತಿದ್ದನ್ನೂ ಹೇಳಿದೆ.

ಅಮ್ಮ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ಅವತ್ತು ಮನೆಗೆ ಬಂದಿದ್ಲು ಕಣೋ. ನೀನು ಹೊದ್ಕೊಂಡು ಮಲಗಿದ್ದೆ. ಸ್ಕಾರ್ಫ್ ಎಲ್ಲೇ ಅಂದೆ. ಒಗೆಯಕ್ಕೆ ಹಾಕಿದೀನಿ, ಒಣಗಿಲ್ಲ ಅಂದ್ಲು. ಮಾರನೇ ದಿನಾನೂ, ಆಮೇಲೆ ಬಂದಾಗೆಲ್ಲಾನೂ ಅದನ್ನೇ ಅಂದ್ಲು. ಆ ಚಳೀಲಿ ಬಟ್ಟೆ ಎಲ್ಲಿ ಒಣಗುತ್ತೆ ಅಂತ ನಾನೂ ನಂಬ್ದೆ."

ನನಗೆ ಅಳು ಬಂತು. ಒಂದು ತಿಂಗಳಿಡೀ ಅವಳು ನನ್ನ ತಾಯಿಯ ಎದುರು ನನ್ನ ಮಾನ ಕಾಪಾಡಿದ್ದಳು. ನಾನೋ, ಇಲ್ಲದ ಓಟು ಹಾಕಿ ಬಂದು ಮುಸುಕು ಹಾಕಿಕೊಂಡು ಮಲಗಿದ್ದೆ.

"ಅವಳಿಗೆ ಕಾಗದ ಬರಿ" ಎಂದಳು ಅಮ್ಮ.

"ಅಡ್ರೆಸ್ಸೇ ಗೊತ್ತಿಲ್ಲಮ್ಮ."

"ಬರಿ ಮೊದ್ಲು."

ಪ್ರಿಂಟರಿನಿಂದ ಒಂದು ಹಾಳೆ ತಂದು ಕೂತೆ. ನನ್ನ ರಷ್ಯನ್ ಹನ್ನೊಂದು ವರ್ಷಕ್ಕೇ ನಿಂತುಹೋಗಿದೆ, ದೊಡ್ಡವರು ಹೇಗೆ ಕ್ಷಮೆ ಕೇಳುತ್ತಾರೋ ನನಗೆ ಬಾರದು. ತಪ್ಪು ಮಾಡಿದ ಮಕ್ಕಳು ತರಗತಿಯಲ್ಲಿ ಎದ್ದು ನಿಂತು ಹೇಳುತ್ತಿದ್ದ ವಾಕ್ಯವೊಂದೇ ಗೊತ್ತು. ಅಮ್ಮ ನೋಡುತ್ತಿದ್ದಳು. ಗಾಲ್ಯಾ ಎಂದು ಮೇಲೆ ಬರೆದು, ಅದರ ಕೆಳಗೆ ಅದನ್ನೇ ಬರೆದೆ: ಇನ್ನು ಮೇಲೆ ಹೀಗೆ ಮಾಡುವುದಿಲ್ಲ.