ಎಸ್ತೇರಮ್ಮನಿಗೆ ಪ್ರಾರ್ಥನೆ ಬಾರದ ನಾಲ್ಕು ತಿಂಗಳು

ಯಾದಗಿರಿಯ ಸ್ಟೇಷನ್ ಕಡೆಯ ಓಣಿಗಳಲ್ಲಿ ಎಸ್ತೇರಮ್ಮನನ್ನು ಅರಿಯದವರು ಕಡಿಮೆ. ಇಪ್ಪತ್ತಾರು ವರ್ಷ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿ ದುಡಿದು ನಿವೃತ್ತಳಾದವಳು. ನೋವು ತಿನ್ನುತ್ತಿದ್ದ ಹೆಂಗಸರ ಕೈ ಹಿಡಿದು ಮೆಲ್ಲಗೆ ಪ್ರಾರ್ಥನೆ ಮಾಡುವುದು ಅಲ್ಲಿಯೇ ರೂಢಿಯಾಗಿತ್ತು. ಯಾವ ಜಾತಿ, ಯಾವ ಧರ್ಮ ಎಂದು ಆಕೆ ಕೇಳುತ್ತಿರಲಿಲ್ಲ, ಅವರೂ ಬೇಡವೆನ್ನುತ್ತಿರಲಿಲ್ಲ. ನಿವೃತ್ತಿಯ ಮೇಲೆ ಅದೇ ಆಕೆಯ ಕೆಲಸವಾಯಿತು. ಯಾರಿಗಾದರೂ ಆಪರೇಷನ್ ಇದ್ದರೆ, ಹೊಸ ಮನೆಗೆ ಹೋಗುವುದಿದ್ದರೆ, ಮಗಳ ಮದುವೆ ಕೂಡಿ ಬರದಿದ್ದರೆ ಚರ್ಚಿನ ಸಭೆಯವರು ಮೊದಲು ನೆನೆಯುವುದು ಎಸ್ತೇರಮ್ಮನನ್ನೇ.

ಕಳೆದ ವರ್ಷ ಕ್ರಿಸ್ಮಸ್ಸಿಗೆ ಮುಂಚೆ ಒಂದು ಮನೆಯಲ್ಲಿ ಆಕೆ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದಾಗ ಯಾರೋ ಆ ದನಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರು. ಇನ್ಯಾರೋ ಅದಕ್ಕೆ ಕೊಳಲಿನ ಸಂಗೀತ ಸೇರಿಸಿ, ಸೂರ್ಯ ಮುಳುಗುವ ಚಿತ್ರ ಅಂಟಿಸಿ ವಾಟ್ಸಾಪಿನಲ್ಲಿ ಬಿಟ್ಟರು. ಅದು ಸುರಪುರ, ಶಹಾಪುರ, ರಾಯಚೂರು ಎಲ್ಲ ತಿರುಗಿ, ಕೊನೆಗೆ ಎಸ್ತೇರಮ್ಮನ ಪಕ್ಕದ ಮನೆಯ ಶರೀಫಾಬೀಯ ಫೋನಿಗೂ ಬಂತು.

“ಆವಾಜ್ ನಿಂದೇ ಅದ ನೋಡು, ಎಸ್ತೇರಾ,” ಎಂದಳು ಶರೀಫಾಬೀ, ಗೋಡೆಯ ಆಚೆಯಿಂದಲೇ ಫೋನು ಎತ್ತಿ ಹಿಡಿದು. “ಭಾಳ ಮಂದಿ ಕೇಳ್ಯಾರಂತ.”

ಎಸ್ತೇರಮ್ಮನಿಗೆ ಖುಷಿಯಾಗಿತ್ತು. ಅದನ್ನು ಆಕೆ ಯಾರ ಮುಂದೆಯೂ ಮುಚ್ಚಿಡಲಿಲ್ಲ.

ಖುಷಿ ಹಾರಿಹೋದದ್ದು ಶಹಾಪುರದ ಬಸ್ಸಿನಲ್ಲಿ. ಫೆಬ್ರುವರಿಯ ಒಂದು ಬೆಳಿಗ್ಗೆ ಅಲ್ಲಿನ ಒಬ್ಬರ ಮನೆಗೆ ಪ್ರಾರ್ಥನೆಗೆಂದು ಹೊರಟಿದ್ದಳು. ಮುಂದಿನ ಸೀಟಿನ ಹೆಂಗಸು ಫೋನಿನಲ್ಲಿ ಅದೇ ಪ್ರಾರ್ಥನೆ ಹಾಕಿಕೊಂಡು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಹಿಂದೆ ಕೂತವಳೇ ಆ ದನಿಯ ಒಡತಿ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಎಸ್ತೇರಮ್ಮ ಕಿವಿಗೊಟ್ಟು ಕೇಳಿದಳು. ದನಿ ತನ್ನದು, ಮಾತೂ ತನ್ನದೇ, ಆದರೂ ಎದೆಯೊಳಗೆ ಏನೂ ಮಿಸುಕಲಿಲ್ಲ. ಯಾರೋ ಚೆನ್ನಾಗಿ ಪಾಠ ಒಪ್ಪಿಸಿದಂತಿತ್ತು.

ಶಹಾಪುರದ ಆ ಮನೆಯಲ್ಲಿ ಕಣ್ಣು ಮುಚ್ಚಿ ನಿಂತಳು. ಬಾಯಿಂದ ಬಂದವು ಬಸ್ಸಿನಲ್ಲಿ ಕೇಳಿದ ಅದೇ ಮಾತುಗಳು, ಅದೇ ಸಾಲಿನಲ್ಲಿ. ದನಿ ನಡುಗಬೇಕಾದ ಜಾಗದಲ್ಲಿ ತಾನೇತಾನಾಗಿ ನಡುಗಿತು. ಅದು ಆಕೆಗೆ ಕೇಳಿಸಿಬಿಟ್ಟಿತು. ಪ್ರಾರ್ಥನೆಯನ್ನು ನಡುವೆಯೇ ನಿಲ್ಲಿಸಿಬಿಟ್ಟಳು.

“ಗಂಟಲ ಹಿಡಕೊಂಡದರಿ,” ಎಂದಳು.

ಮನೆಯವರು ಬಿಸಿನೀರು ಕೊಟ್ಟರು. ಹೀಗೆ ಸುಳ್ಳು ಶುರುವಾಯಿತು.

ನಾಲ್ಕು ತಿಂಗಳು ಆಕೆಯ ಗಂಟಲು ಸರಿಹೋಗಲೇ ಇಲ್ಲ. ಸಭೆಯ ಹೆಂಗಸರು ಶುಂಠಿ ತಂದರು, ಜೇನು ತಂದರು, ಒಬ್ಬರು ಜ್ಯೇಷ್ಠಮಧುವಿನ ಬೇರನ್ನು ಪೊಟ್ಟಣ ಕಟ್ಟಿ ತಂದುಕೊಟ್ಟರು. ಒತ್ತಾಯಕ್ಕೆ ಡಾಕ್ಟರ ಬಳಿಯೂ ಹೋಗಬೇಕಾಯಿತು. ಬಾಯಿ ತೆರೆಸಿ ಟಾರ್ಚು ಬಿಟ್ಟು ನೋಡಿದ ಡಾಕ್ಟರು, “ಏನೂ ಇಲ್ಲಲ್ಲಮ್ಮ,” ಎಂದರು. ಹೊರಗೆ ಬಂದ ಎಸ್ತೇರಮ್ಮ ಕಾದು ನಿಂತವರಿಗೆ, “ಆರಾಮ ಆಗ್ತದಂತ ಅಂದಾರ,” ಎಂದು ಇನ್ನೊಂದು ಸುಳ್ಳು ಸೇರಿಸಿದಳು. ಮನೆಯಲ್ಲಿ ಒಬ್ಬಳೇ ಮೊಣಕಾಲೂರಿದಾಗಲೂ ಅದೇ ಸಾಲುಗಳು ಮುನ್ನುಗ್ಗಿ ಬರುತ್ತಿದ್ದವು. ಇಷ್ಟು ವರ್ಷ ನಾನು ಮಾತಾಡಿದ್ದು ದೇವರ ಜೊತೆಯೋ, ಮಂದಿಯ ಜೊತೆಯೋ ಎಂಬ ಪ್ರಶ್ನೆ ಬಂದು ಆಕೆ ಎದ್ದುಬಿಡುತ್ತಿದ್ದಳು.

ಜೂನ್ ತಿಂಗಳಲ್ಲಿ ಉಮಾಶ್ರೀಯ ಫೋನು ಬಂತು. ಉಮಾಶ್ರೀ, ತೀರಿಕೊಂಡ ಗೆಳತಿ ಸುಗಂಧಮ್ಮನ ಮಗಳು. ಕಡೇಚೂರಿನ ಔಷಧಿ ಕಾರ್ಖಾನೆಯಲ್ಲಿ ಕೆಲಸ, ಸೈದಾಪುರದಲ್ಲಿ ಬಾಡಿಗೆ ಕೋಣೆ. ಕಾಲೇಜು ಸೇರಿದ ಮೇಲೆ ಚರ್ಚಿನ ಕಡೆ ತಲೆ ಹಾಕಿದವಳಲ್ಲ.

“ದೊಡ್ಡವ್ವ, ಅವ್ವ ಹೋಗಿ ನಾಳೆಗೆ ವರ್ಷ ಆಗ್ತದ. ಒಂದ ತಾಸ ಬಂದು ಹೋಗ್ತೀರೇನು?”

ಗಂಟಲಿನ ನೆಪ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಸುಗಂಧಮ್ಮನ ಮಗಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಮರುದಿನ ಪ್ಯಾಸೆಂಜರ್ ಗಾಡಿ ಹತ್ತಿದಳು.

ಕೋಣೆ ಚಿಕ್ಕದು, ಒಪ್ಪವಾಗಿತ್ತು. ಗೋಡೆಯ ಹಲಗೆಯ ಮೇಲೆ ಸುಗಂಧಮ್ಮನ ಹಳೆಯ ಬೈಬಲ್ಲು, ಅದರ ಪಕ್ಕ ಅಂಗೈಯಷ್ಟು ದೊಡ್ಡ ಬುದ್ಧನ ಮೂರ್ತಿ, ಯಾವುದೋ ದರ್ಗಾದಿಂದ ತಂದ ಹಸಿರು ದಾರ. ಎಸ್ತೇರಮ್ಮ ನೋಡುತ್ತಿರುವುದನ್ನು ಉಮಾಶ್ರೀ ಕಂಡಳು.

“ಬೈತೀರೇನು, ದೊಡ್ಡವ್ವ? ನಾ ಎಲ್ಲಾ ಸ್ವಲ್ಪ ಸ್ವಲ್ಪ ಕೇಳ್ತೀನಿ. ಧ್ಯಾನದ್ದೂ ಕೇಳ್ತೀನಿ, ಖವಾಲಿನೂ ಕೇಳ್ತೀನಿ. ಯಾವುದನ್ನೂ ಪೂರ್ತಿ ನಂಬಾಕ ಆಗವಲ್ದು, ಬಿಡಾಕೂ ಆಗವಲ್ದು.”

ಒಂದು ವರ್ಷದ ಹಿಂದಾದರೆ ಎಸ್ತೇರಮ್ಮನ ಬಳಿ ಇದಕ್ಕೆ ಉತ್ತರ ಸಿದ್ಧವಿರುತ್ತಿತ್ತು. ಅಂದು ಮಾತ್ರ, “ನಾ ಯಾಕ ಬೈಲಿ?” ಎಂದಳು.

ಇಬ್ಬರೂ ಚಾಪೆಯ ಮೇಲೆ ಕೂತರು. ಎಸ್ತೇರಮ್ಮ ಸೆರಗು ತಲೆಯ ಮೇಲೆ ಹೊದ್ದುಕೊಂಡಳು. ಆಗ ಉಮಾಶ್ರೀ ಆಕೆಯ ಮೊಣಕೈ ಮುಟ್ಟಿದಳು.

“ಸಿಟ್ಟಾಗಬ್ಯಾಡ್ರಿ. ಆ ಫೋನಿನ್ಯಾಗಿನ ಪ್ರಾರ್ಥನಿ ಬ್ಯಾಡ. ಅದನ್ನ ಹತ್ತು ಸಲ ಕೇಳೀನಿ. ನೀವು ಬರೇ ನನ್ನ ಜೋಡಿ ಕುಂಡ್ರಿ, ಸಾಕು.”

ಎಸ್ತೇರಮ್ಮ ಸೆರಗನ್ನು ಕೆಳಗೆ ಬಿಟ್ಟಳು. “ಉಮಾ, ನನಗ ಪ್ರಾರ್ಥನಿ ಬರವಲ್ದು,” ಎಂದಳು. “ನಾಲ್ಕು ತಿಂಗಳಾತು. ಗಂಟಲ ಬ್ಯಾನಿ ಅಂತ ಎಲ್ಲಾರಿಗೂ ಸುಳ್ಳು ಹೇಳಕೋತ ಬಂದೀನಿ.”

ಉಮಾಶ್ರೀ ಆಕೆಯ ಹತ್ತಿರಕ್ಕೆ ಸರಿದು ಕೂತಳು. “ಹಂಗಾರ ಚಲೋನೇ ಆತು ಬಿಡ್ರಿ. ಇಬ್ಬರಿಗೂ ಬರಂಗಿಲ್ಲ.”

ನಗು ಮೊದಲು ಯಾರಿಗೆ ಬಂತೋ ಹೇಳಲಾಗದು. ನಕ್ಕು ಮುಗಿಯುವ ಹೊತ್ತಿಗೆ ಹೊರಗೆ ಒಂದು ಗೂಡ್ಸ್ ಗಾಡಿ ಹೋಯಿತು, ಡಬ್ಬಿ ಎಣಿಸಿದಷ್ಟೂ ಮುಗಿಯದ ಗಾಡಿ. ಪಕ್ಕದ ಕೋಣೆಯಲ್ಲಿ ಕುಕ್ಕರು ಕೂಗಿತು. ಉಮಾಶ್ರೀ ಅಳತೊಡಗಿದಳು. ಎಸ್ತೇರಮ್ಮ ವಾರ್ಡಿನಲ್ಲಿ ಹಿಡಿಯುತ್ತಿದ್ದಂತೆ ಅವಳ ಕೈ ಹಿಡಿದಳು. ಎಷ್ಟು ಹೊತ್ತಾಯಿತೋ, ಆಕೆಯ ಬಾಯಿಂದ ಮೆಲ್ಲಗೆ ಮಾತು ಬಂತು.

“ಸ್ವಾಮಿ, ಸುಗಂಧಿ ಇಲ್ಲ. ಈ ಹುಡುಗಿ ಅಳಾಕತ್ಯಾಳ. ನನಗೂ ಏನೂ ತಿಳಿವಲ್ದು. ನೀ ಇಲ್ಲೇ ಇರು.”

ಅಷ್ಟೇ. ನಡುಗಬೇಕಾದ ಜಾಗ ನೋಡಿಕೊಂಡು ದನಿ ನಡುಗಲಿಲ್ಲ. “ಆಮೆನ್,” ಎಂದಳು ಉಮಾಶ್ರೀ, ಮೂಗು ಒರೆಸಿಕೊಳ್ಳುತ್ತ. ಆಮೇಲೆ ಇಬ್ಬರೂ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡರು. ನಾಲ್ಕು ತಿಂಗಳಲ್ಲಿ ಎಸ್ತೇರಮ್ಮ ಹೊಟ್ಟೆ ತುಂಬ ಉಂಡದ್ದು ಅಂದೇ. ಮೂರನೆಯ ರೊಟ್ಟಿ ಆಕೆಯೇ ಕೇಳಿ ಹಾಕಿಸಿಕೊಂಡಳು.

ಸಭೆಗೆ ಹೇಳಿದ ಸುಳ್ಳು ಇನ್ನೂ ಉಳಿದಿತ್ತು. ಶುಕ್ರವಾರ ಮಧ್ಯಾಹ್ನ ಪಾಸ್ಟರ್ ದೇವಿಂದ್ರಪ್ಪನವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಬೈಯುತ್ತಾರೆ, ಇಲ್ಲವೇ ಉಪವಾಸ ಮಾಡೆನ್ನುತ್ತಾರೆ ಎಂದುಕೊಂಡಿದ್ದಳು. ಪಾಸ್ಟರು ಕನ್ನಡಕ ತೆಗೆದು ಕಣ್ಣು ತಿಕ್ಕಿಕೊಂಡರು.

“ಎಸ್ತೇರಮ್ಮ, ನಾ ಏನು ಮಾಡ್ತೀನಿ ಗೊತ್ತದೇನು? ಶನಿವಾರ ಫೋನಿನಾಗ ನಾಕು ಮಂದಿ ಪಾಸ್ಟರ್‌ಗಳ ಪ್ರಸಂಗ ಕೇಳ್ತೀನಿ. ಐತವಾರ ಅವನ್ನೇ ಕೂಡಿಸಿ ಹೇಳ್ತೀನಿ. ಮಂದಿ ಚಲೋ ಆತು ಅಂತಾರ. ಯಾರ್ದು ಚಲೋ ಆತು ಅಂತ ನನಗೇ ತಿಳಿಯಂಗಿಲ್ಲ.”

“ಹಂಗಂದ್ರ ಏನು ಮಾಡೂನ್ರಿ?”

“ಈ ಐತವಾರ ನೀವು ನನ್ನ ಮುಂದ ಹೇಳಿದ್ದನ್ನ ಸಭಾದ ಮುಂದ ಹೇಳ್ರಿ. ಮುಂದಿಂದು ಮುಂದ ನೋಡೂನು.”

ಐತವಾರ ಎಸ್ತೇರಮ್ಮ ಎದ್ದು ನಿಂತು ಹೇಳಿದಳು. ಗಂಟಲಿಗೆ ಏನೂ ಆಗಿರಲಿಲ್ಲ ಎಂದಳು. ಜೇನು ತಂದುಕೊಟ್ಟವರ ಹೆಸರು ಹಿಡಿದು ಕ್ಷಮೆ ಕೇಳಿದಳು. “ಇವತ್ತು ನನ್ನ ಹತ್ರ ಮಾತಿಲ್ಲ. ಸ್ವಲ್ಪ ಹೊತ್ತು ದೇವರ ಮುಂದ ಸುಮ್ಮ ಕುಂಡ್ರೂನ್ರಿ,” ಎಂದು ಕೂತುಬಿಟ್ಟಳು.

ಚರ್ಚು ನಿಶ್ಶಬ್ದವಾಯಿತು. ಆರಾಧನೆಯನ್ನು ಫೋನಿನಲ್ಲಿ ನೇರವಾಗಿ ಬಿಡುತ್ತಿದ್ದ ಶಾಲಾ ಮಾಸ್ತರ ಶರಣಕುಮಾರನಿಗೆ ಮಾತ್ರ ಫಜೀತಿ. ಊರಾಚೆ ಕೂತು ನೋಡುತ್ತಿದ್ದವರಿಂದ ಆವಾಜ್ ಬರವಲ್ದು, ಆವಾಜ್ ಬರವಲ್ದು ಎಂದು ಒಂದರ ಮೇಲೊಂದು ಸಂದೇಶ ಬಂದವು. ಆತ ಬಗ್ಗಿಕೊಂಡು ಬಂದು ಮೈಕಿನ ವಾಯರು ಅಲುಗಿಸಿ ನೋಡಿದ. ಎಲ್ಲ ಸರಿಯಾಗಿತ್ತು. ಮುಂದಿನ ಸಾಲಿನ ಹೆಂಗಸೊಬ್ಬಳಿಗೆ ನಗು ತಡೆಯಲಿಲ್ಲ. ಅದು ಸಾಲಿನಿಂದ ಸಾಲಿಗೆ ಹರಡಿ, ಪಾಸ್ಟರೂ ನಕ್ಕರು. ನಗು ಇಳಿದ ಮೇಲೆ ಮತ್ತೆ ಮೌನ ಬಂತು. ಈ ಸಲ ಅದು ಯಾರಿಗೂ ಭಾರವೆನಿಸಲಿಲ್ಲ.

ಆ ಮೌನದಲ್ಲಿ ಗಂಡಸರ ಕಡೆಯಿಂದ ಒಬ್ಬರು ಬಾಯಿ ಬಿಟ್ಟರು. ಮುದನಾಳದ ಹಣಮಂತ್ರಾಯ, ಇಪ್ಪತ್ತು ವರ್ಷದಿಂದ ಚರ್ಚಿಗೆ ಬಂದರೂ ಒಮ್ಮೆಯೂ ಗಟ್ಟಿಯಾಗಿ ಪ್ರಾರ್ಥಿಸದ ಮನುಷ್ಯ. ಚೆಂದದ ಮಾತು ಬರುವುದಿಲ್ಲವೆಂದು ಆತನಿಗೆ ನಾಚಿಕೆ.

“ಸ್ವಾಮಿ, ತಮ್ಮನ ಜೋಡಿ ಮಾತು ಬಿಟ್ಟೀನಿ. ಮಾತಾಡಿಸಬೇಕಂತ ಅದ. ಆಗವಲ್ದು.”

ಮತ್ತೊಬ್ಬಳು ತನ್ನ ಮಗುವಿನ ಜ್ವರದ ಬಗ್ಗೆ ಒಂದು ಮಾತು ಹೇಳಿದಳು. ಇನ್ನೊಬ್ಬರು ಬರೀ ನಿಟ್ಟುಸಿರುಬಿಟ್ಟರು. ಎಸ್ತೇರಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಇವರೆಲ್ಲರ ಪರವಾಗಿ ತಾನೊಬ್ಬಳೇ ಮಾತು ಹೊಂದಿಸಬೇಕಾಗಿಲ್ಲ ಎಂದು ತಿಳಿದಾಗ, ಹೊತ್ತ ಕೊಡವನ್ನು ಕಟ್ಟೆಯ ಮೇಲಿಳಿಸಿದಷ್ಟು ಹಗುರವಾಯಿತು.

ಎಲ್ಲರಿಗೂ ಇದು ಹಿಡಿಸಿತೆಂದಲ್ಲ. ಹಿರಿಯರೊಬ್ಬರು, “ಸುಮ್ಮ ಕುಂಡ್ರಾಕ ಮನಿ ಇಲ್ಲೇನು?” ಎಂದು ಕೇಳಿದರು. ಅಂದಿನಿಂದ ಪ್ರತಿ ಐತವಾರ ಐದು ನಿಮಿಷ ಸುಮ್ಮನೆ ಕೂರುವುದು ರೂಢಿಯಾಗಿದೆ, ಆ ಹೊತ್ತು ಬಂದಾಗ ಅವರು ಕೈಗಡಿಯಾರ ನೋಡಿಕೊಳ್ಳುತ್ತಾರೆ. ಆದರೆ ಎದ್ದು ಹೋಗುವುದಿಲ್ಲ. ಕೀಬೋರ್ಡು, ಹಾಡು, ನೇರಪ್ರಸಾರ ಎಲ್ಲ ಮೊದಲಿನಂತೆಯೇ ನಡೆದಿವೆ. ಮೌನದ ಹೊತ್ತಿಗೆ ಶರಣಕುಮಾರ “ಈಗ ಪ್ರಾರ್ಥನೆ ನಡೆದಿದೆ, ಧ್ವನಿ ಸರಿಯಿದೆ” ಎಂದು ಬರೆದು ಹಾಕುತ್ತಾನೆ. ಉಮಾಶ್ರೀ ರಜೆ ಸಿಕ್ಕ ಐತವಾರ ಬರುತ್ತಾಳೆ, ಬಾಗಿಲ ಬಳಿಯ ಬೆಂಚಿನಲ್ಲಿ ಕೂರುತ್ತಾಳೆ, ಕೆಲವೊಮ್ಮೆ ಪ್ರಸಂಗಕ್ಕೆ ಮೊದಲೇ ಎದ್ದು ಹೋಗುತ್ತಾಳೆ. ಏನು ತೀರ್ಮಾನ ಮಾಡಿದೆ ಎಂದು ಎಸ್ತೇರಮ್ಮ ಕೇಳಿಲ್ಲ.

ಮೊನ್ನೆ ಸುರಪುರದ ರಂಗಂಪೇಟೆಯಲ್ಲಿ ಒಂದು ಮನೆಗೆ ಕರೆದಿದ್ದರು. ಸೊಸೆ ಹೆತ್ತು ಹದಿಮೂರು ದಿನ. ಎಸ್ತೇರಮ್ಮ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬೆನ್ನು ಸವರುತ್ತ, ಒಂದೆರಡು ಮಾತು ಗುನುಗಿ ಸುಮ್ಮನೆ ಕೂತಳು. ಅತ್ತೆ ಅಡಿಗೆಮನೆಯಿಂದ ಇಣುಕಿದಳು.

“ಪ್ರಾರ್ಥನಿ ಇನ್ನೂ ಶುರು ಮಾಡಿಲ್ಲೇನ್ರಿ?”

“ನಡದದವ್ವ,” ಎಂದಳು ಎಸ್ತೇರಮ್ಮ. “ನೀನೂ ಬಾ, ಕುಂಡ್ರು.”

ಅತ್ತೆ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು. ಕೂಸು ಒಂದು ಸಲ ಆಕಳಿಸಿ ನಿದ್ದೆ ಹೋಯಿತು.