ಮೂರನೆಯ ಒನ್ಸ್ ಮೋರ್

ನನ್ನ ಕಂಠದ ಬಗ್ಗೆ ನನಗಿರುವ ಅಭಿಪ್ರಾಯ ನನ್ನ ಮನೆಯವರಿಗಿಲ್ಲ. ಬಚ್ಚಲಲ್ಲಿ ಹಾಡಲು ಶುರುಮಾಡಿದರೆ ನನ್ನಾಕೆ ಅಡುಗೆಮನೆಯಲ್ಲಿ ಮಿಕ್ಸಿ ಹಾಕುತ್ತಾಳೆ. ಹಾಗಿದ್ದೂ ಮಧುವನಹಳ್ಳಿಯ ಪೌರಾಣಿಕ ನಾಟಕದಲ್ಲಿ ನನಗೆ ರಾಜನ ಪಾತ್ರ ಸಿಕ್ಕಿತು. ನಿವೃತ್ತ ಮೇಷ್ಟ್ರಾದ ನನ್ನ ಹೊಟ್ಟೆ ರಾಜನ ಅಳತೆಗಿದ್ದದ್ದೇ ಕಾರಣವಿರಬೇಕು.

ಹಗಲು ಹೊತ್ತಿನ ಆಟ. ಅಂದು ಬೆಳಿಗ್ಗೆ ಲಾರಿಯಿಂದ ಇಳಿದ ಸಾಮಾನು ನೋಡಿ ದಂಗಾದೆ. ಅರಮನೆ ಒಂದು ಪರದೆಯ ಸುರುಳಿ, ಉದ್ಯಾನ ಇನ್ನೊಂದು ಸುರುಳಿ. ಕಿರೀಟಗಳೆಲ್ಲ ಒಂದೇ ಟ್ರಂಕಿನಲ್ಲಿ, ಗದೆಗಳು ಗೋಣಿಚೀಲದಲ್ಲಿ! ಪಾತ್ರಧಾರಿಗಳಾದ ನಾವು ಇಡ್ಲಿ ತಿಂದು ಕೈತೊಳೆಯುವಷ್ಟರಲ್ಲಿ ನಾಲ್ಕೈದು ಜನ ಬಯಲಲ್ಲಿ ಒಂದು ರಾಜ್ಯವನ್ನೇ ಎಬ್ಬಿಸಿ ನಿಲ್ಲಿಸಿದ್ದರು. ಅವರ ಮುಂದಾಳು ನಾಗಣ್ಣ, ಕೊಳ್ಳೇಗಾಲದ ರೇಷ್ಮೆ ಮಗ್ಗದವರು. ಪರದೆ ಎಳೆಯುವುದು ಅವರ ಹುಚ್ಚು. ಒಂದೊಂದು ಹಗ್ಗವನ್ನೂ ಹೆಬ್ಬೆರಳಲ್ಲಿ ಸವರಿ ನೋಡುತ್ತಿದ್ದರು.

"ಉದ್ಯಾನದ ಅಗ್ಗ ಸವ್ದದೆ ಸಾ. ಒಸಿ ಟೈಮ್ ಕೊಡಿ, ಬದಲಾಯ್ಸ್ತೀನಿ" ಎಂದರು.

"ನಮ್ ನೆಂಟ್ರು ಹನೂರ್ ಬಸ್ ಹಿಡೀಬೇಕು, ಶುರು ಮಾಡ್ಸಿ ನಾಗಣ್ಣ" ಎಂದೆ. ಆಗಲೇ ವೇಷ ಕಟ್ಟಿದ್ದೆ; ಕಿರೀಟ ಏರಿದ ಮೇಲೆ ಮಾತೂ ಆಜ್ಞೆಯಂತೆಯೇ ಬರುತ್ತದೆ.

ಉದ್ಯಾನದ ದೃಶ್ಯದಲ್ಲಿ ನನ್ನ ಹಾಡು. ಮುಗಿಯುತ್ತಲೇ ನೆಂಟರು "ಒನ್ಸ್ ಮೋರ್" ಎಂದರು; ಹಾಡಿದೆ. ನೆಂಟರ ಪಕ್ಕದವರೂ ದಾಕ್ಷಿಣ್ಯಕ್ಕೆ ಕೂಗಿದರು, ಮತ್ತೆ ಹಾಡಿದೆ. ಮೂರನೆಯ ಕೂಗು ಎಲ್ಲಿಂದಲೋ, ಎಲ್ಲಕ್ಕಿಂತ ಜೋರಾಗಿ ಬಂತು. ನನ್ನ ಕಣ್ಣಲ್ಲಿ ನೀರೇ ಬಂತು. ಪಲ್ಲವಿಯನ್ನು ಇನ್ನಷ್ಟು ಎಳೆದು ಹಾಡಿದೆ.

ಬೀಗುತ್ತ ಪರದೆಯ ಹಿಂದೆ ಹೋದರೆ, ನಾಗಣ್ಣ ತುಂಡಾದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಕಂಬಕ್ಕೆ ಕಾಲು ಕೊಟ್ಟು ಹಿಂದಕ್ಕೆ ವಾಲಿದ್ದರು. ಲೈಟಿನ ಮಾದೇಶ ಏಣಿಯ ಮೇಲೆ ಕೊನೆಯ ಗಂಟು ಬಿಗಿಯುತ್ತಿದ್ದ. ಪರದೆಯ ಬಿದಿರು ಗಳ ಇಷ್ಟೂ ಹೊತ್ತು ನನ್ನ ಕಿರೀಟದ ನೇರಕ್ಕೇ ಮೇಲೆ ತೂಗುತ್ತಿತ್ತು; ಅವರು ಕೈಬಿಟ್ಟಿದ್ದರೆ ನನ್ನ ತಲೆಗೇ ಬೀಳುತ್ತಿತ್ತು. ಹಗ್ಗ ಬಿಟ್ಟು ನಾಗಣ್ಣ ಅಂಗೈ ತೆರೆದರು. ಚರ್ಮ ಕಿತ್ತು ಬಂದಿತ್ತು.

"ಮಗ್ಗದ ಮ್ಯಾಲೆ ಮದ್ವೆ ಸೀರೆ ಅದೆ ಸಾ. ಕೈ ಒರಟಾದ್ರೆ ರೇಷ್ಮೆ ಎಳೆ ತಗಲಾಕತದೆ" ಎಂದರು. ಅವರ ಮುಖದಲ್ಲಿ ನೋವಿಗಿಂತ ಆ ಚಿಂತೆಯೇ ದೊಡ್ಡದಾಗಿತ್ತು.

"ಹಾಡು ನಿಲ್ಸಿ ಅಂತ ಸನ್ನೆ ಮಾಡ್ಬಾರ್ದಿತ್ತಾ?"

"ನಿಲ್ಸುದ್ರೆ ಮುಂದುಕ್ಕೆ ಅರಮನೆ ಸೀನು, ಉದ್ಯಾನದ ಪರ್ದೆ ಎತ್ಬೇಕು. ಅಗ್ಗುಕ್ಕೆ ಗಂಟು ಬಿದ್ದಿರ್ಲಿಲ್ಲ. ಅದ್ಕೇ ಮೂರನೇ ಒನ್ಸ್ ಮೋರ್ ನಾನೇ ಕೂಗ್ಬುಟ್ಟೆ!"

ನವರಸಗಳಲ್ಲಿ ಅದ್ಭುತವೂ ಒಂದೆಂದು ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದವನು ನಾನು. ಅದು ಪರದೆಯ ಹಿಂದೆ ವಾಸವಿರುತ್ತದೆಂದು ಅಂದೇ ತಿಳಿದದ್ದು. ಆಟಕ್ಕೆ ಮುಂಚೆ ನಾನು ಕೊಡದ ಸಮಯವನ್ನು ಆ ಮನುಷ್ಯ ನನ್ನ ಬಾಯಿಂದಲೇ ಹಾಡಿಸಿ ತೆಗೆದುಕೊಂಡಿದ್ದರು. ನಾಚಿಕೆಯೂ ಆಯಿತು, ಕೈಮುಗಿಯಬೇಕೆಂದೂ ಅನ್ನಿಸಿತು.

ವಾರದ ಮೇಲೆ ಅವರ ಮನೆಗೆ ಹೋದೆ. ಮಗ್ಗದಲ್ಲಿ ಅವರ ಹೆಂಡತಿ ಕುಳಿತಿದ್ದರು. ಬಟ್ಟೆ ಸುತ್ತಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನಾಗಣ್ಣ ಅಂಚು ನೋಡುತ್ತಿದ್ದರು. ಮದುವೆಯ ಸೀರೆ ಆಮೇಲೆ ಮುಹೂರ್ತಕ್ಕೆ ಸರಿಯಾಗಿ ಮುಟ್ಟಿತಂತೆ.

ಮುಂದಿನ ಆಟಕ್ಕೆ ಎಲ್ಲರಿಗಿಂತ ಮೊದಲು ಹೋದೆ, ಹೊಸ ಹಗ್ಗದೊಂದಿಗೆ. ನಾಗಣ್ಣ ಹೆಬ್ಬೆರಳಲ್ಲಿ ಸವರಿ, "ತಡೀತದೆ" ಎಂದರು. ಅಂದು ನನ್ನ ಹಾಡಿಗೆ ಯಾರೂ ಒನ್ಸ್ ಮೋರ್ ಅನ್ನಲಿಲ್ಲ. ಪರದೆಯ ಹಿಂದಿನಿಂದಲೂ ಸದ್ದಿಲ್ಲ. ಅಷ್ಟು ನೆಮ್ಮದಿಯಿಂದ ನಾನೆಂದೂ ರಂಗದಿಂದ ಇಳಿದಿರಲಿಲ್ಲ.